ಎಲ್ಲ ಡಬ್ಬಿಗೂ ಬಾದಾಮಿ

ಮುಂದಿದ್ದ ಲಾರಿ ಗಕ್ಕನೆ ನಿಂತಿತು!

ನಾನು ಸ್ಕೂಟರನ್ನು ಎಡಕ್ಕೆ ಎಳೆದೆ. ಬಲಗನ್ನಡಿ ಲಾರಿಗೆ ತಗುಲಿ ಟಕ್ ಎಂದಿತು. ಹಿಂದೆ ಕೂತಿದ್ದವನು ಕಿರುಚಿದ.

"ಅಕ್ಕಾ! ಲ್ಯಾಪ್‌ಟಾಪ್!"

"ನಿನ್ನ ತಲೆಗೇನೂ ಆಗ್ಲಿಲ್ವಲ್ಲ?"

"ಇಲ್ಲ."

"ಆಗಿದ್ರೂ ಪರವಾಗಿಲ್ಲ ಬಿಡು. ಇವತ್ತು ಅದನ್ನ ನೀನು ಉಪಯೋಗಿಸೇ ಇಲ್ಲ."

ಅವನು ನನ್ನ ತಮ್ಮ. ವೆಬ್ ಆಪ್ ಬರೆಯುತ್ತಾನೆ. ನಾನು ಬೇರೆಯವರ ಕೋಡಿನಲ್ಲಿ ಬಗ್ ಹಿಡಿಯುವವಳು. ಅವನು ಚೆಲ್ಲುತ್ತಾನೆ, ನಾನು ಒರೆಸುತ್ತೇನೆ. ಚಿಕ್ಕಂದಿನಿಂದಲೂ ಹಾಗೇ... ಆಗ ಹಾಲು, ಈಗ ಕೋಡು!

ದೂರದಲ್ಲಿ ಒಂದು ಹಳದಿ ವ್ಯಾನ್ ತಿರುವಿನಲ್ಲಿ ಮರೆಯಾಗುತ್ತಿತ್ತು.

ಅದರ ತುಂಬ ಊಟದ ಡಬ್ಬಿಗಳು. ಅದರಲ್ಲೊಂದು ಡೇ ಕೇರ್‌ನಲ್ಲಿರುವ ಅವನ ಮಗಳಿಗೆ. ನಾವೆಲ್ಲ ಗುಬ್ಬಿ ಅನ್ನುತ್ತೇವೆ. ಬಾದಾಮಿಯ ಒಂದು ಚೂರು ಬಾಯಿಗೆ ಬಿದ್ದರೆ ಸಾಕು, ಆ ಮಗುವಿನ ಗಂಟಲು ಊದಿ ಉಸಿರು ಕಟ್ಟುತ್ತದೆ. ಒಂದು ಸಲ ಆಸ್ಪತ್ರೆಯ ಮಂಚದ ಪಕ್ಕ ಕೂತು ನೋಡಿದ್ದೇನೆ. ಇನ್ನೊಂದು ಸಲ ನೋಡುವ ಶಕ್ತಿ ನನಗಿಲ್ಲ.

ಆ ಡಬ್ಬಿಯ ತುಂಬ ಬಾದಾಮಿ!

ಹೇಗೆ ಅಂತೀರಾ? ಸ್ವಲ್ಪ ಹಿಂದಕ್ಕೆ ಹೋಗೋಣ.

ಡಬ್ಬಿ ಕಳಿಸುವ ಅಡುಗೆಮನೆಗೆ ಆರ್ಡರ್ ಆಪ್ ಬರೆದುಕೊಟ್ಟವನು ನಮ್ಮ ಹೀರೋ. ಇವತ್ತು ಅದರ ಮೊದಲ ದಿನ. "ಬಂದು ನೋಡಕ್ಕಾ" ಅಂದ. ಹೋದೆ. ಬಾಗಿಲಲ್ಲೇ ಹಿರಿಯ ಬಾಣಸಿಗರು ಸಿಕ್ಕರು, ಕೈಯಲ್ಲಿ ಖಾಲಿಯಾದ ಬಾದಾಮಿ ಡಬ್ಬ.

"ಏನಮ್ಮಾ, ಇವತ್ತು ಊರಿಗೆಲ್ಲ ಬಾದಾಮಿ ಹುಚ್ಚು ಹಿಡಿದಿದೆಯಾ? ಎಲ್ಲಾ ಡಬ್ಬಿಗೂ ಜಾಸ್ತಿ ಹಾಕಿ ಅಂತ ಬಂದಿದೆ!"

ನಾನು ಅವರ ತೋಳು ಹಿಡಿದೆ.

"ಎಲ್ಲಾ ಡಬ್ಬಿಗೂ? ಡೇ ಕೇರ್‌ದಕ್ಕೂ?"

"ಸ್ಕ್ರೀನಲ್ಲಿ ಹಾಗೇ ಇತ್ತಲ್ಲಮ್ಮಾ... ಹಾಕಿ ಕಳಿಸಿದ್ವಿ."

ಡೇ ಕೇರ್‌ಗೆ ಫೋನ್ ಮಾಡಿದೆ. ರಿಸೀವರ್ ಕೆಳಗಿಟ್ಟಿದ್ದರೋ ಏನೋ, ಎಷ್ಟು ಸಲ ಮಾಡಿದರೂ ಎಂಗೇಜ್! ವ್ಯಾನ್ ಡ್ರೈವರ್‌ಗೆ ಮಾಡಿದೆ. ಅವನ ಫೋನ್ ಅಡುಗೆಮನೆಯ ಕಿಟಕಿಯಲ್ಲೇ ಹಾಡಿತು... ಚಾರ್ಜಿಗೆ ಹಾಕಿ ಮರೆತು ಹೋಗಿದ್ದ!

ತಮ್ಮನ ಕಾಲರ್ ಹಿಡಿದೆ. ಸ್ಕೂಟರ್ ಹತ್ತಿಸಿದೆ.

ಅಷ್ಟೇ ಕತೆ. ಈಗ ಮತ್ತೆ ರಸ್ತೆಗೆ ಬನ್ನಿ.

"ಸಾಧ್ಯನೇ ಇಲ್ಲ ಅಕ್ಕಾ!" ನನ್ನ ಬೆನ್ನಿಗೆ ಲ್ಯಾಪ್‌ಟಾಪ್ ಆನಿಸಿಕೊಂಡು ಅವನು ಗೋಳಿಟ್ಟ. "ಬೆಳಿಗ್ಗೆ ನಾನೇ ಗುಬ್ಬಿಯ ಆರ್ಡರಿಂದ ಬಾದಾಮಿ ತೆಗೆದಿದ್ದೀನಿ. ನನ್ನ ಕೈಯಾರೆ!"

"ಆರ್ಡರ್ ಹೇಗೆ ಹುಟ್ಟುತ್ತೆ? ಅದನ್ನ ಹೇಳು."

"ಇವತ್ತಿನ ಊಟ ಅಂತ, ವಿವರ ಎಲ್ಲ ತುಂಬಿದ ಒಂದು ಆಬ್ಜೆಕ್ಟ್ ಇದೆ. ಪ್ರತಿಯೊಬ್ಬರಿಗೂ ಅದರದ್ದೊಂದು ಕಾಪಿ. ಕೋಡಲ್ಲಿ ಅದರ ಹೆಸರಿನ ಹಿಂದೆ ಮೂರು ಚುಕ್ಕಿ ಇಟ್ಟು ಕಾಪಿ ಮಾಡಿದ್ದೀನಿ. ಎಷ್ಟು ಚೆಂದ ಇದೆ ಗೊತ್ತಾ ಆ ಲೈನು!"

"ಚೆಂದ ಇರ್ಲಿ. ಒಳಗೆ ಏನೇನು ಹಾಕಬೇಕು ಅನ್ನೋದು ಎಲ್ಲಿದೆ?"

"ಅದರೊಳಗೇ. ಒಂದು ಅರೇ..."

ಹಿಂದೆ ಹಣೆ ಚಚ್ಚಿಕೊಂಡ ಸದ್ದು.

"ಅಯ್ಯೋ!"

"ಹೂಂ. ಬೆಳಗಾಯ್ತಾ?"

ಬಿಡಿಸಿ ಹೇಳುತ್ತೇನೆ, ಕೇಳಿ. ಮೂರು ಚುಕ್ಕಿ ಮೇಲಿನದನ್ನು ಮಾತ್ರ ಕಾಪಿ ಮಾಡುತ್ತದೆ. ಒಳಗಿನ ಅರೇ, ಅಂದರೆ ಏನೇನು ಹಾಕಬೇಕೆಂಬ ಪಟ್ಟಿ, ಇದ್ದಲ್ಲೇ ಇರುತ್ತದೆ. ಎಲ್ಲ ಕಾಪಿಗಳೂ ಅದೇ ಒಂದನ್ನು ಬೆರಳು ಮಾಡಿ ತೋರಿಸುತ್ತವೆ. ಇವನು ಬೆಳಿಗ್ಗೆ ಮಗಳಿಗೆಂದು ಬಾದಾಮಿ ತೆಗೆದ. ಎಲ್ಲರದ್ದೂ ಹೋಯಿತು! ಆಮೇಲೆ ಯಾರೋ ಆಫೀಸಿನ ಪುಣ್ಯಾತ್ಮ ತನಗೆ ಬಾದಾಮಿ ಜಾಸ್ತಿ ಬೇಕೆಂದು ಒತ್ತಿದ. ಎಲ್ಲರಿಗೂ ಬಂತು!

"ನೂರು ಬಾಗಿಲು ಮಾಡಿಸಿ ನೂರು ಮನೆ ಕಟ್ಟಿದೆ ಅಂದ್ಕೊಂಡಿದ್ದೀಯಲ್ಲೋ," ಅಂದೆ. "ಒಳಗೆ ಹೋದ್ರೆ ಒಂದೇ ಅಡುಗೆಮನೆ!"

"ಟೆಸ್ಟ್ ಮಾಡಿದ್ದೆ ಅಕ್ಕಾ..."

"ಎಷ್ಟು ಆರ್ಡರ್ ಹಾಕಿ?"

"...ಒಂದು."

"ಒಬ್ಬನೇ ಓಡಿ ಫಸ್ಟ್ ಬಂದೆ. ಶಭಾಷ್!"

ಎದುರಿಗೆ ಒನ್ ವೇ ಬೋರ್ಡು. ಟ್ರಾಫಿಕ್ ಪೊಲೀಸು ಸೀಟಿ ಊದಿದ. ನಾನು ಪಕ್ಕದ ಓಣಿಗೆ ನುಗ್ಗಿಸಿದೆ. ಒಣಗಲು ಹಾಕಿದ ಬೆಡ್‌ಶೀಟೊಂದು ಮುಖಕ್ಕೆ ಬಡಿಯಿತು. ಅದನ್ನು ಹರಿದುಕೊಂಡೇ ಹೊರಬಂದೆವು!

"ಈಗ್ಲೇ ಸರಿ ಮಾಡ್ತೀನಿ," ಹಿಂದಿನಿಂದ ಕೀಲಿಗಳ ಟಕಟಕ. "ಎಲ್ಲವನ್ನೂ ಜೇಸನ್ ಸ್ಟ್ರಿಂಗ್ ಮಾಡಿ, ಆ ಅಕ್ಷರದ ಸಾಲನ್ನ ವಾಪಸ್ ಆಬ್ಜೆಕ್ಟ್ ಮಾಡಿಬಿಟ್ರೆ..."

"ಮಾಡಿ ನೋಡು! ಡೆಲಿವರಿ ತಾರೀಕೆಲ್ಲ ಬರೀ ಅಕ್ಷರವಾಗಿ ಹೊರಗೆ ಬರುತ್ತೆ. ನಾಳೆ ಅದನ್ನ ಹಿಡ್ಕೊಂಡು ಇದೇ ಸ್ಕೂಟರ್ ಹತ್ತುತ್ತೀಯ."

"ಮತ್ತೇನು ಮಾಡ್ಲಿ?"

"ಡೀಪ್ ಕಾಪಿ ಮಾಡೋ. ಬ್ರೌಸರಲ್ಲೇ ಸ್ಟ್ರಕ್ಚರ್ಡ್‌ಕ್ಲೋನ್ ಅಂತ ಇದೆ. ಒಳಗಿನ ಒಳಗಿನದೂ ಬೇರೆ ಮಾಡಿ ಕೊಡುತ್ತೆ. ಕರೆದ್ರೆ ಬರುತ್ತೆ... ನಿನ್ನ ಹಾಗಲ್ಲ."

ಅವನು ನಗಲಿಲ್ಲ. ಮತ್ತೆ ಟಕಟಕ ಒತ್ತಿ, ಆ ಲೈನು ಬದಲಾಯಿಸಿ, ಲ್ಯಾಪ್‌ಟಾಪ್ ಮುಚ್ಚಿದ.

"ಅಕ್ಕಾ... ಅವಳು ಯಾವತ್ತೂ ಎಲ್ಲರಿಗಿಂತ ಮೊದಲು ಡಬ್ಬಿ ತೆಗೀತಾಳೆ."

ನಾನು ಆಕ್ಸಿಲರೇಟರ್ ತಿರುವಿದೆ.

ಡೇ ಕೇರ್ ಗೇಟಿನಲ್ಲಿ ಹಳದಿ ವ್ಯಾನ್ ನಿಂತಿತ್ತು. ಖಾಲಿ!

ಸ್ಕೂಟರನ್ನು ಬೀಳಲು ಬಿಟ್ಟೆ. ಓಡಿದೆ. ಬಾಗಿಲನ್ನು ಭುಜದಿಂದ ಗುದ್ದಿದೆ. ಪುಟ್ಟ ಪುಟ್ಟ ಕುರ್ಚಿಗಳು. ಪುಟ್ಟ ಪುಟ್ಟ ಮೇಜುಗಳು. ಕಿಟಕಿಯ ಪಕ್ಕ ಗುಬ್ಬಿ. ಡಬ್ಬಿ ತೆರೆದಿತ್ತು. ಚಮಚ ಮೇಲೆದ್ದಿತ್ತು. ಬಾಯಿ ತೆರೆದಿತ್ತು...

"ಕೆಳಗಿಡು ಚಮಚ!!"

ನನ್ನ ಗಂಟಲು ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

ಟಣ್! ಟಣ್! ಟಣ್!

ಕೋಣೆಯಲ್ಲಿದ್ದ ಎಲ್ಲ ಮಕ್ಕಳೂ ಚಮಚ ಕೆಳಗಿಟ್ಟಿದ್ದರು. ಟೀಚರ್ ಕೂಡ!

ಒಬ್ಬಳಿಗೆ ಹೇಳಿದ್ದು... ಎಲ್ಲರಿಗೂ ಹೋಯಿತು.

"ಅತ್ತೇ," ಗುಬ್ಬಿ ಸೊಂಟದ ಮೇಲೆ ಕೈಯಿಟ್ಟಳು. "ನಾನಿನ್ನೂ ಒಂದು ತುತ್ತೂ ತಿಂದಿಲ್ಲ!"

ಅಷ್ಟು ಚೆಂದದ ದೂರನ್ನು ನಾನು ಜೀವಮಾನದಲ್ಲಿ ಕೇಳಿಲ್ಲ.

ತಮ್ಮ ಬಂದವನೇ ನೆಲದ ಮೇಲೆ ಕೂತ. ಮಗಳನ್ನು ಎಳೆದು ಅಪ್ಪಿಕೊಂಡ. ಅಂಗಿಯ ತೋಳಿನಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಒರೆಸಿದ. ಟೀಚರ್ ತಮ್ಮದೇ ಊಟದ ಬಾಳೆಹಣ್ಣು ಸುಲಿದು ಅವಳ ಕೈಗಿಟ್ಟರು. ನಾನು ಲ್ಯಾಪ್‌ಟಾಪ್ ಎಳೆದುಕೊಂಡೆ. ಎರಡು ಆರ್ಡರ್ ಹಾಕಿದೆ. ಒಂದಕ್ಕೆ ಬಾದಾಮಿ ಸೇರಿಸಿದೆ. ಇನ್ನೊಂದು ಮಿಸುಕಲಿಲ್ಲ.

ಮೊದಲ ಬಾರಿಗೆ ಅವನ ಕೋಡ್ ನೆಟ್ಟಗೆ ಕೂತಿತ್ತು.

"ಅಕ್ಕಾ," ಅವನು ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದ. "ಅಮ್ಮನಿಗೆ ಹೇಳ್ಬೇಡ. ಪ್ಲೀಸ್."

ಮಾತು ಕೊಟ್ಟೆ. ಅಮ್ಮನಿಗೆ ಹೇಳಲಿಲ್ಲ.

ಅವನ ಹೆಂಡತಿಗೊಬ್ಬಳಿಗೆ ಹೇಳಿದೆ. ಮಗುವಿನ ತಾಯಿ, ತಿಳಿಯಬೇಕಲ್ಲ?

ನಾವು ಗೇಟು ದಾಟುವ ಮೊದಲೇ ಅವನ ಫೋನ್ ಹೊಡೆದುಕೊಂಡಿತು. ಅಮ್ಮ. ಅದರ ಹಿಂದೆ ದೊಡ್ಡಮ್ಮ. ಅದರ ಹಿಂದೆ ಅವನ ಅತ್ತೆ, ಮಾವ...

ಕೋಡಿನಲ್ಲಿ ಡೀಪ್ ಕಾಪಿ ಹಾಕಬಹುದು ಸ್ವಾಮೀ. ನಮ್ಮ ಮನೆಯವರ ಕಿವಿ ಇವತ್ತಿಗೂ ಒಂದೇ!