ತೆರಿಗೆ ತಾಗದ ಕಳ್ಳತನ

ಹತ್ತು ವರ್ಷ ಚಿಕ್ಕಪ್ಪನ ತೆರಿಗೆ ಲೆಕ್ಕ ಬರೆದುಕೊಟ್ಟಿದ್ದು ಬಿಟ್ಟಿಯಾಗಿ. ಮುದುಕ ಸಾಯುವಾಗ ಷೇರುಗಳನ್ನೆಲ್ಲ ಹೆಂಡತಿಗೆ ಬರೆದು, ಅಣ್ಣನ ಮಗನಿಗೆ ಬಿಟ್ಟದ್ದು ಒಂದು ಕೊಡೆ. ಅದರ ಕಡ್ಡಿಯೂ ಮುರಿದಿತ್ತು. ಥೂ! ತನ್ನ ಪಾಲನ್ನು ತಾನೇ ತೆಗೆದುಕೊಳ್ಳಬೇಕು ಅಂತ ತೆರಿಗೆ ಸಲಹೆಗಾರ ಆವತ್ತೇ ನಿರ್ಧರಿಸಿದ.

ಚಿಕ್ಕಮ್ಮನ ಭಯ ಅವನಿಗಿರಲಿಲ್ಲ. "ಮಂಡಿ ಆಪರೇಷನ್ನಿಗೆ ಒಂದಿಷ್ಟು ಬೇಕು, ಮಿಕ್ಕಿದ್ದು ನೀನೇ ನೋಡ್ಕೊಳ್ಳಪ್ಪಾ, ನಂಗೆ ಇದೆಲ್ಲ ತಲೆಗೆ ಹತ್ತಲ್ಲ" ಅಂತ ಷೇರು ಖಾತೆಯ ಪಾಸ್‌ವರ್ಡನ್ನೇ ಕೈಗಿಟ್ಟಿದ್ದಳು. ಕುರಿ ತಾನಾಗಿ ಬಂದು ಕತ್ತು ಒಡ್ಡಿದರೆ ಕಟುಕನದೇನು ತಪ್ಪು?

ದಡ್ಡರು ಒಂದೇ ಸಲ ಬಾಚಿ ಸಿಕ್ಕಿಬೀಳುತ್ತಾರೆ. ಇವನು ಕಾನೂನು ಕುಡಿದವನು. ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡ ಷೇರು ಮಾರಿದರೆ ಬರುವುದು ದೀರ್ಘಾವಧಿ ಲಾಭ. ಅದಕ್ಕೆ ಪ್ರತಿ ವರ್ಷ ಒಂದು ಮಿತಿಯವರೆಗೆ ತೆರಿಗೆಯೇ ಇಲ್ಲ. ಮಿತಿ ದಾಟಿದರೆ ತೆರಿಗೆ, ತೆರಿಗೆ ಬಂದರೆ ಮುದುಕಿಗೆ ಸುದ್ದಿ. ಆದ್ದರಿಂದ ಮಿತಿಗಿಂತ ಚೂರೇ ಚೂರು ಕಡಿಮೆ ಲಾಭ ಬರುವ ಹಾಗೆ ವರ್ಷವರ್ಷವೂ ಅವಳ ಹೆಸರಲ್ಲಿ ಮಾರುವುದು. ಹಣ ಅವಳೂ ತಾನೂ ಸೇರಿ ತೆರೆದ ಜಂಟಿ ಬ್ಯಾಂಕ್ ಖಾತೆಗೆ, ಅಲ್ಲಿಂದ ಇವನ ಜೇಬಿಗೆ. ಮಾರಾಟದ ಸಂದೇಶ ಬರುವುದು ಇವನ ಫೋನಿಗೆ. ಅವಳ ರಿಟರ್ನ್ಸ್ ಸಲ್ಲಿಸುವವನೂ ಇವನೇ. ಕದ್ದ ದುಡ್ಡಿಗೂ ತೆರಿಗೆ ಕಟ್ಟೋಕೆ ನನಗೇನು ಹುಚ್ಚೇ ಅಂತ ಒಬ್ಬನೇ ನಗುತ್ತಿದ್ದ.

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎರಡು ವರ್ಷ ನಡೆಯಿತು. ಆಫೀಸಿಗೆ ಚರ್ಮದ ಕುರ್ಚಿ ಬಂತು. ಚಿಕ್ಕಮ್ಮ ಕೋಲೂರಿಕೊಂಡು, ಪ್ರತಿ ಮೆಟ್ಟಿಲಿಗೂ ಅಯ್ಯೋ ಅನ್ನುತ್ತ ಹತ್ತಿ ಬಂದರೆ, "ಮಾರ್ಕೆಟ್ ಬಿದ್ದಿದೆ ಚಿಕ್ಕಮ್ಮಾ, ಆಪರೇಷನ್ ಮುಂದಿನ ವರ್ಷ ನೋಡೋಣ" ಅನ್ನುತ್ತಿದ್ದ. ಅವಳು ಹೂಂ ಅಂದು ಇಳಿದು ಹೋದಮೇಲೆ ಅವಳ ಕುಂಟು ನಡಿಗೆ ನಟಿಸಿ ಗುಮಾಸ್ತನನ್ನು ನಗಿಸುತ್ತಿದ್ದ. ಆಮೇಲೆ ಅವಳು ಕೆಲವು ತಿಂಗಳು ಅಕ್ಕನ ಮನೆಗೆ ಹೋದಾಗ, ಪೀಡೆ ತೊಲಗಿತು ಅಂದುಕೊಂಡ.

ಮೂರನೇ ವರ್ಷ ಅವಳು ಕೋಲಿಲ್ಲದೆ ಮೆಟ್ಟಿಲು ಹತ್ತಿ ಬಂದಳು. ಏದುಸಿರು ಬಿಡುತ್ತ ಹಿಂದೆ ಬಂದವನು ಪೊಲೀಸ್ ಅಧಿಕಾರಿ.

"ನೀನು ಮಾರ್ಕೆಟ್ ಏಳ್ಲಿ ಅಂತಿದ್ದೆ, ನಂಗೆ ನೋವು ತಡೀಲಿಲ್ಲ ಕಣೋ. ನಮ್ಮಪ್ಪ ಕೊಟ್ಟಿದ್ದ ಷೇರು ಮಾರಿ ಮಂಡಿ ಮಾಡಿಸ್ಕೊಂಡೆ. ಅದು ಮದುವೆಗೆ ಮುಂಚಿಂದು, ಬೇರೆ ಖಾತೇಲಿತ್ತು. ಲಾಭ ಮಿತಿಯೊಳಗೇ ಇದೆ, ತೆರಿಗೆ ಇಲ್ಲ ಅಂತ ಅಲ್ಲಿಯೋರು ಅಂದಿದ್ರು. ಆದ್ರೆ ತೆರಿಗೆ ಆಫೀಸಿನೋರು ಮನೆಗೆ ನೋಟೀಸ್ ಕಳ್ಸಿ, ಈ ವರ್ಷ ದುಪ್ಪಟ್ಟು ಲಾಭ ಬಂದಿದೆ ಅಂತಾರೆ. ನಾನು ಮಾರಿದ್ದು ಒಂದೇ ಸಲ. ಇನ್ನೊಂದು ಸಲ ಮಾರಿದೋರು ಯಾರೋ?"

ಮಿತಿ ಖಾತೆಗೊಂದಲ್ಲ, ಮನುಷ್ಯನಿಗೊಂದು. ಅದಕ್ಕೇ ಎದುರು ಕೂತ ಗಿರಾಕಿಯನ್ನೆಲ್ಲ ಅವನು ಮೊದಲು ಕೇಳುತ್ತಿದ್ದ ಪ್ರಶ್ನೆ, "ಬೇರೆ ಕಡೆ ಖಾತೆ ಏನಾದ್ರೂ ಇದೆಯಾ?" ಈ ಹೆಂಗಸಿಗೆ ಅದೆಲ್ಲಿಂದ ಬರಬೇಕು ಅಂತ ಚಿಕ್ಕಮ್ಮನೊಬ್ಬಳನ್ನು ಮಾತ್ರ ಅವನು ಕೇಳಿರಲಿಲ್ಲ.