ಕೇಳದೆ ಹಾಕಿದ ಖಾನೆಗಳು

"ಯಾರನ್ನ ಕೇಳಿ ನನ್ನ ಪ್ರೋಗ್ರಾಮಿಗೆ ಕೈ ಹಾಕಿದ್ರಿ?"

ಆನವಟ್ಟಿಯಿಂದ ಬೆಳಗಿನ ಬಸ್ಸಿಗೆ ಬಂದ ಧನ್ಯಾ, ಪರದೆ ನೋಡಿದವಳೇ ಉರಿದುಬಿದ್ದಳು. ಚಪ್ಪಲಿ ಬಿಡುವುದನ್ನೂ ಮರೆತಿದ್ದಳು. ತೊಂಬತ್ತೇಳರಲ್ಲಿ ಶಿರಾಳಕೊಪ್ಪದ ಆ ಕಂಪ್ಯೂಟರ್ ಸೆಂಟರಿಗೆ ಚಪ್ಪಲಿಗಾಲಲ್ಲಿ ಬರುವುದೆಂದರೆ ದೇವರಮನೆಗೆ ಹಾಗೆ ನುಗ್ಗಿದಷ್ಟೇ ತಪ್ಪು.

ಸೆಂಟರ್ ನಡೆಸುತ್ತಿದ್ದ ಸಿದ್ಧಲಿಂಗೇಶ್ ಚಪ್ಪಲಿ ನೋಡಿದ, ಅವಳ ಮುಖ ನೋಡಿದ, ಚಪ್ಪಲಿಯ ಮಾತು ನುಂಗಿಕೊಂಡ.

"ಕೂತ್ಕೊಳ್ರಿ ಮೊದ್ಲು. ಮೂರು ದಿನ ಓಡೋದು ಈಗ ಎರಡೇ ತಾಸಿಗೆ ಮುಗೀತದೆ. ಕರೆಂಟ್ ಹೋಗೋ ಭಯನೂ ಇಲ್ಲ."

"ನಾನು ಕೇಳಿದ್ದು ಅದಲ್ಲ!"

ಅವಳ ಎಂ.ಫಿಲ್. ಪೂರ್ತಿ ಇದ್ದದ್ದೇ ಆ ಪ್ರೋಗ್ರಾಮಿನಲ್ಲಿ. ಒಂದು ಡಬ್ಬಿ, ಅದರೊಳಗೆ ಎರಡು ಸಾವಿರ ಆರ್ಗಾನ್ ಪರಮಾಣು, ಎಲ್ಲವೂ ಲೆಕ್ಕದಲ್ಲೇ ಓಡಾಡುವಂಥವು. ಪ್ರತಿಯೊಂದೂ ಉಳಿದೆಲ್ಲವನ್ನೂ "ನೀನು ನನಗೆ ಹತ್ತಿರ ಇದ್ದೀಯಾ?" ಎಂದು ವಿಚಾರಿಸಬೇಕು, ಹತ್ತಿರ ಇದ್ದರಷ್ಟೇ ಸೆಳೆತ. ಸಿದ್ಧಲಿಂಗೇಶ್ ಆ ಡಬ್ಬಿಯನ್ನು ಸಣ್ಣ ಸಣ್ಣ ಖಾನೆ ಮಾಡಿ, ಆಯಾ ಖಾನೆಯವು ತಮ್ಮೊಳಗೆ ವಿಚಾರಿಸಿಕೊಂಡರೆ ಸಾಕು ಎಂದುಬಿಟ್ಟಿದ್ದ. ಸೋಮವಾರ ಗೈಡ್ ಮುಂದೆ ಫಲಿತಾಂಶ ಇಡಬೇಕು. ತಪ್ಪಿದರೆ ಅವಳದು ಒಂದು ವರ್ಷ ಹೋದಂತೆ.

"ಇಲ್ನೋಡ್ರಿ! ಒಟ್ಟು ಶಕ್ತಿ ಬದಲಾಗಬಾರ್ದು. ನಿಮ್ದು ಹುಚ್ಚು ಕುದುರೆ ಹಂಗೆ ಕುಣೀತಿದೆ. ಈ ಖಾನೆ ಬುದ್ಧಿ ಎಲ್ಲಿಂದ ಬಂತು?"

"ಅಪ್ಪಾಜಿ ಅಂಗಡಿಯಿಂದ," ಎಂದ ಅವನು ಮೆಲ್ಲಗೆ. ತಂದೆ ಬೆನಕಪ್ಪನವರದು ಹಾರ್ಡ್‌ವೇರ್ ಅಂಗಡಿ. "ನಟ್ಟು ಬೋಲ್ಟೆಲ್ಲ ಹಂಗೇ ಇಡೋದು."

"ಬೋಲ್ಟು ಪಕ್ಕದ ಖಾನೆ ಮೊಳೆನ ಸೆಳೆಯತ್ತೇನ್ರೀ? ಪರಮಾಣು ಸೆಳೆಯತ್ತೆ! ಖಾನೆ ಗೋಡೆ ಪಕ್ಕ ಇರೋದಕ್ಕೆ ಗೋಡೆ ಆಚೆ ಇರೋದೇ ಎಲ್ಲರಿಗಿಂತ ಹತ್ತಿರ. ಅದನ್ನೇ ಬಿಟ್ಟಿದ್ದೀರಿ!"

ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಗೆರೆ ಎಳೆದಳು. ಆಚೆಗೊಂದು, ಈಚೆಗೊಂದು ಚುಕ್ಕಿ ಇಟ್ಟಳು. ಅವನು ಚುಕ್ಕಿ ಬಿಟ್ಟು ಅವಳ ಮೂಗಿನ ತುದಿಗೆ ಹತ್ತಿದ ಸುಣ್ಣ ನೋಡುತ್ತಿದ್ದ. ಅವಳ ಕೆನ್ನೆ ಬಿಸಿಯಾಯಿತು. ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

ಚಪ್ಪಲಿ ಹೊರಗಿಟ್ಟು ಬಂದು ಕೂತಳು. ಪ್ರತಿ ಖಾನೆಯೂ ಸುತ್ತಲಿನ ಇಪ್ಪತ್ತಾರು ಖಾನೆಗಳನ್ನು ವಿಚಾರಿಸುವಂತೆ ಇಬ್ಬರೂ ಸೇರಿ ತಿದ್ದಿದರು. ಮಧ್ಯಾಹ್ನಕ್ಕೆ ಶಕ್ತಿಯ ಅಂಕಿ ನೆಟ್ಟಗೆ ನಿಂತಿತು. ಸಂಜೆ ಬಸ್ಸಿಗೆ ಮುಂಚೆಯೇ ಮೂರು ದಿನದ ಕೆಲಸ ಮುಗಿಯಿತು. ಖಾನೆ ಹಾಕಿದ್ದು ಒಳ್ಳೆಯದೇ ಆಯಿತೆಂದು ಅವಳಿಗೂ ಅನ್ನಿಸಿತು, ಆದರೆ ಹೇಳಲಿಲ್ಲ.

ಫ್ಲಾಪಿ ಕೈಗಿಡುತ್ತಾ ಅವನು, "ಭಾನುವಾರ ಅಪ್ಪಾಜಿ ನಿಮ್ಮನೆಗೆ ಬರ್ತಾರೆ. ನಮ್ಮಿಬ್ಬರ ವಿಷಯ ಮಾತಾಡೋಕೆ," ಎಂದ.

"ಏನು! ನನ್ನನ್ನ ಕೇಳದೆ? ಮತ್ತೆ ಅದೇ ಚಾಳಿನಾ?" ಫ್ಲಾಪಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಆರು ತಿಂಗಳಿಂದ ಬರ್ತಿದೀನಿ. ಒಂದು ಸಲ ಬಾಯಿಬಿಟ್ಟು ಕೇಳೋಕೆ ಏನಾಗಿತ್ರೀ ನಿಮಗೆ? ಪ್ರತಿ ಸಲ ಬಸ್ಸಲ್ಲಿ ಉತ್ತರ ರೆಡಿ ಮಾಡ್ಕೊಂಡು ಬರ್ತಿದ್ನಲ್ಲ!"

ಅಂದ ಮೇಲೆ, ಅಂದದ್ದೇನೆಂದು ಹೊಳೆದು ತುಟಿ ಕಚ್ಚಿಕೊಂಡಳು.

ಸಿದ್ಧಲಿಂಗೇಶ್ ಎದ್ದು ನಿಂತ. "ಈಗ ಕೇಳಲಾ?"

"ಕೇಳ್ರಿ."

"ನನ್ನ ಮದುವೆ ಆಗ್ತೀರಾ?"

"ಹೂಂ," ಎಂದಳು, ಇನ್ನೂ ಸಿಟ್ಟಿನಲ್ಲೇ. ಬಾಗಿಲ ತನಕ ಹೋಗಿ ತಿರುಗಿ ನಿಂತಳು. "ಥೀಸಿಸ್‌ನಲ್ಲಿ ಈ ಖಾನೆ ಹಾಕಿದವರು ಅಂತ ನಿಮ್ಮ ಹೆಸರು ಬರೀಬೇಕು ಅಂತಿದೀನಿ. ಬರೀಲಾ?"

ಅವನು ಖುಷಿಯಿಂದ ಹೂಂಗುಟ್ಟಿದ.

"ನೋಡಿದ್ರಾ? ಹಿಂಗೆ ಕೇಳ್ಬೇಕು!"