ಕಾವಿ ಬೊಟ್ಟಿಲ್ಲದ ಬಾಗಿಲು

೧೯೪೩ರ ಜೂನ್ ಹದಿನಾಲ್ಕು, ಬೆಳಿಗ್ಗೆ ಎಂಟು ಗಂಟೆ. ಕುಷ್ಟಗಿ ಠಾಣೆಯ ಕಟ್ಟೆಯ ಮೇಲೆ ಕಳಕಮ್ಮ ಎಂಬ ರೈತ ಹೆಂಗಸು ಪಟ್ಟು ಹಿಡಿದು ಕುಳಿತಿದ್ದಳು. ಠಾಣೆಯ ಅಧಿಕಾರಿ ಅಮೀನ ದೇವೇಂದ್ರಪ್ಪ ಬಂದೊಡನೆ ಎದ್ದು ನಿಂತಳು.

"ನಮ್ಮ ಬಾವಿ ನಾಳಿಗೆ ಕಲ್ಲು ತುಂಬಿ ಮುಚ್ಚತಾರಂತ್ರಿ. ಅದರಾಗ ಬ್ಯಾನಿ ಇಲ್ರಿ ಸಾಹೇಬ್ರ. ಯಾರೋ ಕೇಡು ಮಾಡ್ಯಾರ."

ಅವಳ ಊರಿಗೆ ಕಾಲರಾ ಬಿದ್ದಿತ್ತು. ವಾಡಿಕೆಯಂತೆ ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹೂಡಿದ್ದರು. ಬೇನೆ ಬಂದ ಮನೆಯವರು ಬಾಗಿಲಿಗೆ ಕಾವಿ ಬೊಟ್ಟು ಹಚ್ಚಿ ಹೋಗಬೇಕೆಂದು ಡಂಗುರ ಸಾರಿಸಲಾಗಿತ್ತು. ಆರೋಗ್ಯ ಇಲಾಖೆಯ ಅಂದಪ್ಪ ಆ ಬೊಟ್ಟುಗಳನ್ನು ನೋಡುತ್ತ ಊರಿನ ನಕ್ಷೆಯಲ್ಲಿ ಚುಕ್ಕಿ ಇಟ್ಟ. ಚುಕ್ಕಿಗಳು ಕಳಕಮ್ಮನ ಸಿಹಿನೀರಿನ ಬಾವಿಯ ಸುತ್ತಲೇ ದಟ್ಟವಾಗಿ ಬಿದ್ದವು. ತಹಸೀಲ್ದಾರರು ಅಂದಪ್ಪನ ಬೆನ್ನು ತಟ್ಟಿ, ಯಾರೂ ನೀರು ಸೇದದಂತೆ ಬಾವಿಗೆ ಜಾಲಿಮುಳ್ಳು ಬಡಿಸಿದರು. ವರ್ಷಗಟ್ಟಲೆ ಕುದುರೆ ಮೇಲೆ ತಿರುಗಿದ ದೇವೇಂದ್ರಪ್ಪನ ಬೆನ್ನನ್ನು ಮಾತ್ರ ಯಾರೂ ತಟ್ಟಿರಲಿಲ್ಲ. ಎಫ್‌ಐಆರ್ ಬರೆಸುವಾಗ ಅವನಿಗೆ ಒಳಗೊಳಗೇ ಖುಷಿಯಾದದ್ದು ಸುಳ್ಳಲ್ಲ.

ಮಧ್ಯಾಹ್ನ ಊರಿಗೆ ಹೋದವನೇ ಅಂದಪ್ಪನನ್ನು ಚಾವಡಿಗೆ ಕರೆಸಿದ.

"ಬೀಗ ಹಾಕಿದ ಮನ್ಯಾಗ ಬ್ಯಾನಿ ಇತ್ತಂತ ಹೆಂಗ ಗೊತ್ತಾತು?"

"ಬಾಗಿಲಿಗೆ ಬೊಟ್ಟಿತ್ತಲ್ರಿ."

"ಗುಡಿಸಲಿಗೆ ಹೋಗಿ ಕೇಳಿದ್ಯಾ?"

"ಇಲ್ರಿ."

ಕಾನ್‌ಸ್ಟೇಬಲ್ ಟಿಪ್ಪುಸಾಬ ಗುಡಿಸಲು ಗುಡಿಸಲು ತಿರುಗಿ ಬಂದ. ಸಿಹಿಬಾವಿಯ ಓಣಿಯಲ್ಲಿ ಒಬ್ಬರಿಗೂ ಬೇನೆ ಬಂದಿರಲಿಲ್ಲ, ಯಾರೂ ತಮ್ಮ ಬಾಗಿಲಿಗೆ ಬೊಟ್ಟು ಹಚ್ಚಿಯೂ ಇರಲಿಲ್ಲ. ಅಂದಪ್ಪ ಆ ಚುಕ್ಕಿಗಳನ್ನು ಅಳಿಸಿದ. ಉಳಿದವೆಲ್ಲ ಹಳ್ಳದ ಮೆಟ್ಟಿಲುಬಾವಿಯ ಮಗ್ಗುಲಲ್ಲಿದ್ದವು. ಸಿಹಿಬಾವಿಗೆ ಮುಳ್ಳು ಬಡಿದ ಮೇಲೆ ಊರೆಲ್ಲ ಕುಡಿಯುತ್ತಿದ್ದದ್ದು ಅದೇ ನೀರನ್ನು. ಅಷ್ಟರಲ್ಲಿ ಎರಡು ಮಕ್ಕಳು ಸತ್ತಿದ್ದವು. ಅಂದಪ್ಪನ ಮುಖ ಸಣ್ಣದಾಯಿತು. ದೇವೇಂದ್ರಪ್ಪನಿಗೂ ನಗು ಬರಲಿಲ್ಲ. ಮುಳ್ಳನ್ನು ಕಿತ್ತು ಹಳ್ಳದ ಬಾವಿಗೆ ಬಡಿಯಿರೆಂದು ಹೇಳಿ, ನಕ್ಷೆ ಹಿಡಿದು ಸಿಹಿಬಾವಿಯ ಓಣಿಗೆ ಹೊರಟ.

ಎರಡೂ ಸಾಲಿನ ಬಾಗಿಲುಗಳಿಗೆ ಕಾವಿ ಮೆತ್ತಿತ್ತು. ನಟ್ಟನಡುವೆ ಒಂದು ಬಾಗಿಲು ಮಾತ್ರ ಸ್ವಚ್ಛವಾಗಿತ್ತು. ಆ ಮನೆಗೂ ಬೀಗ, ಅದಕ್ಕೂ ಸಿಹಿಬಾವಿಯದೇ ನೀರು.

"ಇದ್ಯಾರ ಮನಿ?"

"ನಮ್ಮ ನೆಗೆಣ್ಣಿ ವಿರೂಪಾಕ್ಷಮ್ಮನ ತವರುಮನಿರಿ," ಎಂದಳು ಜೊತೆಗೆ ಬಂದಿದ್ದ ಕಳಕಮ್ಮ. "ನನ್ನ ಮೈದುನನ ಹೇಣ್ತಿ. ಇಲ್ಲಿ ಆಕಿ ಅವ್ವ ಒಬ್ಬಾಕಿನ ಇರತಾಳ." ಅಷ್ಟು ಹೇಳಿ ಬಾಯಿಗೆ ಸೆರಗು ಒತ್ತಿಕೊಂಡಳು.

ದೇವೇಂದ್ರಪ್ಪ ನಕ್ಷೆ ಮಡಚಿದ. ತವರಿನ ಬಾಗಿಲಿಗೆ ಬೇನೆಯ ಬೊಟ್ಟು ಹಚ್ಚಲು ಯಾವ ಮಗಳ ಕೈ ಏಳುತ್ತದೆ?

ಮರುದಿನ ಬೆಳಿಗ್ಗೆ ಪಂಚರ ಎದುರು ವಿರೂಪಾಕ್ಷಮ್ಮನ ಗುಡಿಸಲಿನ ಪಂಚನಾಮೆ ನಡೆಯಿತು. ತೆಂಗಿನ ಕರಟದಲ್ಲಿ ಕಲಸಿದ ಕಾವಿ ಸಿಕ್ಕಿತು.

"ಕಾವಿ ಯಾರ ಮನ್ಯಾಗಿಲ್ರಿ?" ಎಂದು ಅವಳೇ ತಿರುಗಿ ಕೇಳಿದಳು.

"ಖರೆ ಐತಿ. ನಿಮ್ಮವ್ವನ ಬಾಗಿಲಿಗೆ ಯಾಕ ಹಚ್ಚಲಿಲ್ಲ?"

ಅವಳು ಸೆರಗಿನಿಂದ ಬೆರಳು ಒರೆಸಿಕೊಳ್ಳತೊಡಗಿದಳು.

"ಆಕಿ ರಾತ್ರಿಯಿಂದ ಬ್ಯಾನಿ ಬಿದ್ದು ಮಲಗ್ಯಾಳ ತಂಗಿ. ಹಳ್ಳದ ಬಾವಿ ನೀರು ಕುಡದಾಳ."

ವಿರೂಪಾಕ್ಷಮ್ಮ ಕುಸಿದು ಕುಳಿತಳು. ಆಮೇಲೆ ಒಂದೊಂದಾಗಿ ಹೇಳಿದಳು. ಅಣ್ಣತಮ್ಮಂದಿರ ಆಸ್ತಿ ಹಿಸೆಯಾದಾಗ ಸಿಹಿಬಾವಿ ಹಿರಿಯನಾದ ಕಳಕಮ್ಮನ ಗಂಡನ ಪಾಲಿಗೆ ಹೋಯಿತು. ಇವಳ ಗಂಡ ತೋಡಿಸಿದ ಬಾವಿಯಲ್ಲಿ ಸವುಳು ನೀರು ಬಿತ್ತು. ದಿನಾ ಬೆಳಕು ಹರಿಯುವಾಗ ಆಚೆ ರಾಟೆಯ ಸಪ್ಪಳ, ಊರ ಹೆಂಗಸರ ನಗು.

"ನನ್ನ ಬಾವಿಗೆ ಒಬ್ಬಾಕಿನೂ ಬರತಿದ್ದಿಲ್ರಿ. ಆಕೀದು ಮುಚ್ಚಿದ್ರ ಬರತಾರ ಅನಕೊಂಡಿದ್ದೆ. ಹಳ್ಳಕ್ಕ ಹೋದ್ರು, ನನ್ನ ಕಡೆ ಬರಲಿಲ್ಲ."

ಒಂಬತ್ತು ಗಂಟೆಗೆ ಅವಳನ್ನು ದಸ್ತಗಿರಿ ಮಾಡಿದರು. ತಾಯಿಯನ್ನು ನೋಡಿ ಹೋಗಲೆಂದು ದೇವೇಂದ್ರಪ್ಪ ಮುದುಕಿಯ ಗುಡಿಸಲ ಮುಂದೆ ಬಂಡಿ ನಿಲ್ಲಿಸಿದ. ಒಳಗೆ ಕಳಕಮ್ಮ ಕುಳಿತು, ಸಿಹಿಬಾವಿಯ ನೀರು ಕಾಸಿ ಆರಿಸಿ ಚಮಚ ಚಮಚವಾಗಿ ಕುಡಿಸುತ್ತಿದ್ದಳು. ಮುದುಕಿ ಕಣ್ಣು ಬಿಟ್ಟಿತ್ತು, ಕಳಕಮ್ಮನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

ವಿರೂಪಾಕ್ಷಮ್ಮ ಬಹಳ ಹೊತ್ತು ಬಾಗಿಲಲ್ಲೇ ನಿಂತಳು. ಒಳಗೆ ಹೋಗಲಿಲ್ಲ.

"ನೋಡ್ರಿ ಸಾಹೇಬ್ರ," ಎಂದಳು. "ಕಡೀಕ ನಮ್ಮವ್ವನ್ನೂ ಆಕಿನಾ ಕಸಗೊಂಡ್ಳು."